ಅಮ್ಮನ ಮೊದಲ ತುತ್ತು

ಶಾಲೆಯ ಬಸ್ ಓಡಿಸುವ ಹೆಂಗಸಿಗೆ ಯಾವುದರ ಹೆದರಿಕೆಯೂ ಇರುವುದಿಲ್ಲ ಎಂದು ಜನ ತಿಳಿದುಕೊಂಡಿದ್ದಾರೆ. ಎದುರಿಗೆ ಲಾರಿ ನುಗ್ಗಿ ಬಂದರೂ ಹಾರ್ನ್ ಹೊಡೆದು ನಿಲ್ಲಿಸುವವಳು, ಹಿಂದಿನ ಸೀಟಿನಲ್ಲಿ ಜಡೆ ಎಳೆದಾಡುವವರನ್ನು ಕನ್ನಡಿಯಲ್ಲೇ ಗದರಿಸಿ ಕೂರಿಸುವವಳು! ಮಕ್ಕಳು ಅವಳನ್ನು ಬಸ್ಸಮ್ಮ ಎಂದೇ ಕರೆಯುತ್ತಿದ್ದರು. ಅಂಥ ಬಸ್ಸಮ್ಮನಿಗೆ ಲೋಕದಲ್ಲಿ ಹೆದರಿಕೆ ಇದ್ದದ್ದು ಒಂದಕ್ಕೇ, ಅದು ಗೋಡಂಬಿಗೆ. ನಗಬೇಡಿ. ಅವಳ ಒಬ್ಬಳೇ ಮಗಳು ಚೂಟಿ ಮೂರು ವರ್ಷದವಳಿದ್ದಾಗ ಪಕ್ಕದ ಮನೆಯವರು ಅಕ್ಕರೆಯಿಂದ ಕೊಟ್ಟ ಒಂದು ಬಿಸ್ಕತ್ತು ತಿಂದು, ತುಟಿ ಊದಿ, ಉಸಿರು ಕಟ್ಟಿ ನೀಲಿಗಟ್ಟಿದ್ದಳು. ಬಿಸ್ಕತ್ತಿನಲ್ಲಿ ಗೋಡಂಬಿ ಪುಡಿ ಇತ್ತು. ಆಸ್ಪತ್ರೆಯವರು ಮಗುವನ್ನೇನೋ ಉಳಿಸಿಕೊಟ್ಟರು. ಆದರೆ ಆವತ್ತು ಬಾಯಿಗೆ ಬಂದ ತಾಯಿಯ ಜೀವ ಮತ್ತೆ ಕೆಳಗಿಳಿಯಲಿಲ್ಲ.

ಅಂದಿನಿಂದ ಮನೆಯಲ್ಲೊಂದು ಕಾನೂನು. ಹೊರಗಿನಿಂದ ಏನೇ ತಿಂಡಿ ಬರಲಿ, ಮೊದಲ ತುತ್ತು ಅಮ್ಮನದು. ಬಸ್ಸಮ್ಮ ಅದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಅತ್ತಿತ್ತ ಆಡಿಸಿ, ಹೂಂ ಅಂದರೆ ಮಾತ್ರ ಚೂಟಿಯ ತಟ್ಟೆಗೆ. "ರುಚಿ ನೋಡಿ ಇದೆಲ್ಲ ಗೊತ್ತಾಗಲ್ಲಮ್ಮ, ಮಾಡಿದವರನ್ನ ಕೇಳಿ" ಎಂದು ಡಾಕ್ಟರು ಹೇಳಿದ್ದುಂಟು. "ಮಾಡಿದವರು ಸುಳ್ಳು ಹೇಳಬಹುದು ಡಾಕ್ಟ್ರೇ, ನನ್ನ ನಾಲಿಗೆ ಹೇಳಲ್ಲ" ಎಂದು ಇವಳು ಅವರ ಬಾಯಿ ಮುಚ್ಚಿಸಿದ್ದಳು. ಬಸ್ಸಿನ ವಿಷಯದಲ್ಲೂ ಅಷ್ಟೇ. ಬೆಳಿಗ್ಗೆ ಬಸ್ಸಿಗೆ ಒಂದು ಸುತ್ತು ಬಂದು, ಬಗ್ಗಿ ಚಕ್ರದಡಿ ನೋಡುತ್ತಿದ್ದಳು. ಸಂಜೆ ಕೊನೆಯ ಸೀಟಿನವರೆಗೂ ಹೋಗಿ, ಯಾವ ಮಗುವಾದರೂ ನಿದ್ದೆ ಹೋಗಿ ಉಳಿದಿದೆಯೇ ಎಂದು ತಡವಿ ನೋಡುತ್ತಿದ್ದಳು. ಹತ್ತಲು ಬಂದ ಪ್ರತಿ ಮಗುವನ್ನೂ ಬಾಗಿಲಲ್ಲೇ ನಿಲ್ಲಿಸಿ, ಶೂ ಲೇಸು, ಬ್ಯಾಗಿನ ಪಟ್ಟಿ ಎಲ್ಲ ನೋಡಿ, "ಸರಿ, ಹತ್ತು" ಅನ್ನಬೇಕು. ಆ ಮಾತು ಬರುವವರೆಗೆ ಯಾರೂ ಮೆಟ್ಟಿಲ ಮೇಲೆ ಕಾಲಿಡುತ್ತಿರಲಿಲ್ಲ.

ಹೀಗಿರುವಾಗ ನಾದಿನಿ ಬಂದಳು, ಕೈಯಲ್ಲಿ ನಾಲ್ಕು ಪಾಸು ಹಿಡಿದುಕೊಂಡು. ದೊಡ್ಡ ಹೋಟೆಲೊಂದರಲ್ಲಿ ಗಿರಾಕಿಗಳಿಗೆ ವೈನ್ ಸುರಿದು ಕೊಡುವ ಕೆಲಸ ಅವಳದು. ಊರಾಚೆಯ ಥೀಮ್ ಪಾರ್ಕಿನಲ್ಲಿ ಊಟ ಮತ್ತು ವೈನಿನ ಉತ್ಸವ, ಅದರಲ್ಲಿ ಅವಳ ಹೋಟೆಲಿನದ್ದೂ ಒಂದು ಮಳಿಗೆ.

"ಅತ್ತಿಗೆ, ಈ ಸಲ ಆಗಲ್ಲ ಅನ್ನಬೇಡಿ. ನಾನು ವೈನ್ ಸುರೀತಾ ನಿಂತಿರ್ತೀನಿ, ಅಣ್ಣ ಕುಡೀತಾ ನಿಂತಿರ್ತಾನೆ, ನೀವು ಅವನನ್ನ ಬೈತಾ ನಿಂತಿರಿ. ಎಲ್ಲರಿಗೂ ಒಂದೊಂದು ಕೆಲಸ!"

"ನಂಗೆ?" ಎಂದಳು ಚೂಟಿ. ಅವಳಿಗೀಗ ಹನ್ನೊಂದು ವರ್ಷ. ತರಗತಿಯವರೆಲ್ಲ ಆ ಪಾರ್ಕು ನೋಡಿ ಬಂದಿದ್ದರು, ಇವಳೊಬ್ಬಳು ಬಿಟ್ಟು.

"ನಿಂಗೆ ರೋಲರ್ ಕೋಸ್ಟರಲ್ಲಿ ಕೂತ್ಕೊಂಡು ಕಿರುಚೋ ಕೆಲಸ."

ಬಸ್ಸಮ್ಮ ಹೆದರಿದಳು. ರೋಲರ್ ಕೋಸ್ಟರಿಗಲ್ಲ, ಆ ಊಟಕ್ಕೆ. ಅಷ್ಟೊಂದು ಮಳಿಗೆ, ಅಷ್ಟೊಂದು ಸೌಟು, ಒಂದೇ ಸೌಟನ್ನು ಹತ್ತು ಪಾತ್ರೆಗೆ ಅದ್ದುವ ಕೈಗಳು, ಆ ಕೈಗಳೆಲ್ಲ ಮುಟ್ಟಿದ ಮೇಜು! ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಮಗಳ ಮುಖ ಕಂಡಿತು. ಹುಡುಗಿ ಹಟ ಮಾಡುತ್ತಿರಲಿಲ್ಲ, ಗೋಗರೆಯುತ್ತಿರಲಿಲ್ಲ, 'ಬೇಡ' ಎನ್ನುವ ಮಾತನ್ನು ಕೇಳಿಸಿಕೊಳ್ಳಲು ಸಿದ್ಧಳಾಗಿ ಸುಮ್ಮನೆ ನಿಂತಿದ್ದಳು.

"ನೋಡೋಣ" ಎಂದಳು ಬಸ್ಸಮ್ಮ.

ಆ ಮನೆಯಲ್ಲಿ 'ನೋಡೋಣ' ಎಂಬುದೇ ದೊಡ್ಡ ಮಾತು. ಚೂಟಿ ಪಾರ್ಕಿನ ನಕ್ಷೆ ತಂದು ಊಟದ ಮೇಜಿನ ಮೇಲೆ ಹರಡಿದಳು. ಒಂದು ವಾರ ಅದು ಅಲ್ಲಿಂದ ಏಳಲಿಲ್ಲ, ತಟ್ಟೆಗಳನ್ನು ಅದರ ಅಂಚಿನಲ್ಲಿಟ್ಟುಕೊಂಡು ಉಂಡರು. ಮಗಳು ನೋಡುತ್ತಿದ್ದದ್ದು ದೊಡ್ಡ ಚಕ್ರ ಎಲ್ಲಿದೆ, ನೀರಿನ ಜಾರುಬಂಡೆ ಎಲ್ಲಿದೆ ಎಂದು. ತಾಯಿ ನೋಡುತ್ತಿದ್ದದ್ದು ಪ್ರಥಮ ಚಿಕಿತ್ಸೆಯ ಕೋಣೆ ಎಲ್ಲಿದೆ, ಆಂಬುಲೆನ್ಸ್ ಯಾವ ಗೇಟಿನಿಂದ ಒಳಗೆ ಬರುತ್ತದೆ, ಅಲ್ಲಿಗೆ ಓಡಿದರೆ ಎಷ್ಟು ಹೊತ್ತು ಎಂದು. ಗಾಳಿ ಯಾವ ಕಡೆಯಿಂದ ಬೀಸಬಹುದು ಎಂದು ಕೂಡ ಯೋಚಿಸಿದಳು!

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಕೇಳಿದೀನಿ" ಎಂದ ಗಂಡ. ಅವನು ಲಿಫ್ಟ್ ಮೆಕ್ಯಾನಿಕ್, ಕತ್ತಲ ಗುಂಡಿಯಲ್ಲಿ ತಂತಿ ಹಿಡಿದು ನೇತಾಡುವವನು. "ನೀನು ಆಸ್ಪತ್ರೆಯ ಹಾಸಿಗೇನೇ ಹಾಸಿ ಇಡ್ತಿದೀಯಲ್ಲೇ."

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನೀವು ಸುಮ್ನಿರ್ರೀ. ಅವತ್ತು ಅವಳನ್ನ ಎತ್ಕೊಂಡು ಓಡಿದ್ದು ನಾನು."

ಅವನು ತನ್ನ ತಟ್ಟೆಯನ್ನು ನಕ್ಷೆಯಿಂದ ಇನ್ನಷ್ಟು ಅಂಚಿಗೆ ಸರಿಸಿಕೊಂಡ.

ಕೊನೆಗೆ ಬಸ್ಸಮ್ಮ ಒಂದು ಷರತ್ತು ಹಾಕಿದಳು. ಹೋಗುವುದಕ್ಕೆ ಮೊದಲು ಮನೆಯಲ್ಲೇ ಒಂದು ಸಲ ಉತ್ಸವ ನಡೆಯಬೇಕು. ತನ್ನ ಹೋಟೆಲಿನ ಮಳಿಗೆಯಲ್ಲಿ ಏನೇನು ಕೊಡುತ್ತಾರೋ ಅದನ್ನೆಲ್ಲ ನಾದಿನಿ ಚಿಕ್ಕ ಡಬ್ಬಿಗಳಲ್ಲಿ ತರಬೇಕು, ಯಾವುದರಲ್ಲಿ ಏನಿದೆ ಎಂದು ಹೇಳಕೂಡದು. ಬಸ್ಸಮ್ಮನ ನಾಲಿಗೆ ಗೋಡಂಬಿಯನ್ನು ಹಿಡಿಯುತ್ತದೆಯೋ ಇಲ್ಲವೋ ನೋಡಬೇಕು. ಹಿಡಿದರೆ ಪ್ರಯಾಣ, ಇಲ್ಲದಿದ್ದರೆ ಇಲ್ಲ.

"ಇದೊಳ್ಳೆ ಪರೀಕ್ಷೆ" ಎಂದು ನಾದಿನಿ ನಕ್ಕಳು. ಆದರೂ ಭಾನುವಾರ ಮಧ್ಯಾಹ್ನ ಡಬ್ಬಿಗಳನ್ನೂ ಅಣ್ಣನಿಗೊಂದು ವೈನ್ ಬಾಟಲಿಯನ್ನೂ ತಂದಳು.

ಬಸ್ಸಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಯಾರಿ ಮಾಡಿದ್ದಳು. ಮೇಜಿಗೆ ಹೊಸ ಪ್ಲಾಸ್ಟಿಕ್ ಹಾಳೆ, ಡಬ್ಬಿಗೊಂದು ಚಮಚ, ಚೂಟಿಗೆ ಕೋಣೆಯ ಆ ಮೂಲೆಯಲ್ಲಿ ಕುರ್ಚಿ. ಅಲರ್ಜಿ ಏರಿದರೆ ತಕ್ಷಣ ತೊಡೆಗೆ ಚುಚ್ಚುವ ಇಂಜೆಕ್ಷನ್ ಪೆನ್ನಿನ ಕೆಂಪು ಚೀಲ ಎಂದಿನಂತೆ ಹುಡುಗಿಯ ಸೊಂಟದಲ್ಲಿ. ಔಷಧಿ ಇಲ್ಲದ ಪೆನ್ನಿನಲ್ಲಿ ಸೋಫಾದ ದಿಂಬಿಗೆ ಚುಚ್ಚುವುದನ್ನು ಎಲ್ಲರೂ ಕಲಿತಿದ್ದರು. ಆದರೆ "ನೀನು ಮುಟ್ಟಬೇಡ, ನಾನಿದ್ದೀನಿ" ಎಂದೇ ಅಮ್ಮ ಪ್ರತಿಸಲವೂ ಹೇಳುತ್ತಿದ್ದಳು.

ಮೊದಲ ಡಬ್ಬಿಯಲ್ಲಿ ಬೆಳ್ಳಗಿನ, ಗಟ್ಟಿಯಾದ ಸಾಸು. ಚಮಚದ ತುದಿಯಲ್ಲಿ ತೆಗೆದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಬೆಣ್ಣೆ, ಬೆಳ್ಳುಳ್ಳಿ, ಅದರ ಹಿಂದೆ ಇನ್ನೇನೋ ನುಣ್ಣಗಿನ ಸಿಹಿ. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಚಮಚ ಬಾಯಿಗೆ ಹಾಕಿ, ತುಟಿ ಚಪ್ಪರಿಸಿ ನೋಡಿದಳು.

"ಇದೆ! ಇದರಲ್ಲಿದೆ! ರುಬ್ಬಿ ಹಾಕಿದಾರೆ!"

"ಅಬ್ಬಾ ಅತ್ತಿಗೆ!" ಎಂದಳು ನಾದಿನಿ. "ಇದೊಂದರಲ್ಲೇ ಇದ್ದದ್ದು. ನಮ್ಮ ಅಡುಗೆಯವರಿಗೂ ಗೊತ್ತಾಗಲ್ಲ, ನಿಮ್ಮ ನಾಲಿಗೆಗೆ ಗೊತ್ತಾಯ್ತಲ್ಲ!"

ಇಷ್ಟು ವರ್ಷ ಆ ನಾಲಿಗೆಗೆ ಏನೂ ಸಿಕ್ಕಿರಲಿಲ್ಲ. ಸಿಗುವಂಥ ತಿಂಡಿಯ ಹತ್ತಿರಕ್ಕೂ ಬಸ್ಸಮ್ಮ ಹೋದವಳಲ್ಲ. ಇದೇ ಮೊದಲ ಗೆಲುವು. ಅವಳು ಡಬ್ಬಿಯ ಮುಚ್ಚಳ ಬಿಗಿದು, ಎರಡು ಚೀಲದಲ್ಲಿ ಸುತ್ತಿ, ಮನೆಯಿಂದಾಚೆ ಇಟ್ಟು ಬಂದಳು. ಚಮಚ ಬಿಸಾಡಿದಳು, ಪ್ಲಾಸ್ಟಿಕ್ ಹಾಳೆಯನ್ನೂ ಬಿಸಾಡಿದಳು. ಕೈಯನ್ನು ಮೊಣಕೈವರೆಗೆ ಸೋಪು ಹಚ್ಚಿ ಎರಡು ಸಲ ತೊಳೆದಳು. ಆಮೇಲೆ ಎದೆ ಹಗುರಾಗಿ ನಗುತ್ತಾ ಮಗಳ ಕಡೆ ತಿರುಗಿದಳು.

"ಹೋಗೋಣ ಕಣೇ. ಹೋಗೇ ಬಿಡೋಣ!"

ಚೂಟಿ ಕುರ್ಚಿಯಿಂದ ಹಾರಿ ಬಂದು ಕೊರಳಿಗೆ ಜೋತುಬಿದ್ದಳು. ಬಸ್ಸಮ್ಮ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ, ಹಣೆಗೆ, ತುಟಿಗೆ ಲೊಚಲೊಚನೆ ಮುತ್ತಿಟ್ಟಳು. ಗಂಡ ವೈನಿನ ಲೋಟ ಹುಡುಕಲು ಒಳಗೆ ಹೋದ.

ಸ್ವಲ್ಪ ಹೊತ್ತಾಗಿರಬೇಕು. ನಕ್ಷೆಯ ಮೇಲೆ ಬೆರಳಾಡಿಸುತ್ತಿದ್ದ ಚೂಟಿ ತುಟಿ ಉಜ್ಜಿಕೊಂಡಳು.

"ಅಮ್ಮಾ, ತುಟಿ ಚುರುಚುರು ಅಂತಿದೆ."

"ಉಜ್ಜಬೇಡ. ಒಣಗಿರುತ್ತೆ."

"ಗಂಟ್ಲೂ ಒಂಥರಾ ಆಗ್ತಿದೆ."

ಬಸ್ಸಮ್ಮ ತಿರುಗಿ ನೋಡಿದಳು. ಹುಡುಗಿಯ ಮೇಲ್ದುಟಿ ಬೀಗುತ್ತಿತ್ತು. ಕೆನ್ನೆಯ ಮೇಲೆ ಕೆಂಪು ದದ್ದು ಏಳುತ್ತಿತ್ತು.

"ಇಲ್ಲ, ಇಲ್ಲ. ನೀನು ಇನ್ನೂ ಏನೂ ತಿಂದೇ ಇಲ್ಲ!" ಎಂದಳು. "ಏನೂ ತಿಂದಿಲ್ಲ ಕಣೇ, ಒಂದು ಹನಿನೂ ಕೊಟ್ಟಿಲ್ಲ ನಾನು. ಹೆದರ್ಕೊಂಡಿದೀಯ ಅಷ್ಟೆ." ಮೇಜಿನತ್ತ ಓಡಿ ಉಳಿದ ಡಬ್ಬಿಗಳನ್ನು ಒಂದೊಂದಾಗಿ ಮೂಸಿದಳು. "ಇವಳಿಗೆ ಏನಾದ್ರೂ ಕೊಟ್ಯೇನೇ ನೀನು?" ಎಂದು ನಾದಿನಿಯ ಮೇಲೆ ಕಿರುಚಿದಳು. ನಾದಿನಿ ಅಳತೊಡಗಿದಳು. ಆಗಬಾರದ್ದು ಎಂದು ಬಸ್ಸಮ್ಮ ಎಂಟು ವರ್ಷ ಹೆದರಿದ್ದು ಕಣ್ಣೆದುರೇ ಆಗುತ್ತಿತ್ತು, ಆಗುತ್ತಿಲ್ಲ ಎಂದು ವಾದಿಸುತ್ತಾ ನಿಂತಿದ್ದವಳು ಅವಳೇ!

ಟಕ್ ಎಂದು ಸದ್ದಾಯಿತು.

ಚೂಟಿ ನೆಲದ ಮೇಲೆ ಕೂತಿದ್ದಳು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಬಟ್ಟೆಯ ಮೇಲಿಂದಲೇ ತೊಡೆಗೆ ಒತ್ತಿಕೊಂಡಿದ್ದಳು. ಬಾಯಿಯಲ್ಲಿ ಮೆಲ್ಲಗೆ ಎಣಿಸುತ್ತಿದ್ದಳು, ದಿಂಬಿಗೆ ಚುಚ್ಚುವಾಗ ಎಣಿಸಿದ ಹಾಗೆಯೇ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಅಲುಗಲಿಲ್ಲ. ಒಳಗಿನಿಂದ ಓಡಿ ಬಂದ ಅಪ್ಪ ಆಂಬುಲೆನ್ಸಿಗೆ ಫೋನು ಮಾಡಿದ.

ಆಸ್ಪತ್ರೆಯಲ್ಲಿ ಉಸಿರು ಸಲೀಸಾಗಿ, ತುಟಿಯ ಊತ ಇಳಿಯುತ್ತಿದ್ದಾಗ ಡಾಕ್ಟರು ಬಂದರು.

"ಏನು ತಿಂದಳು?"

"ಏನೂ ತಿಂದಿಲ್ಲ ಡಾಕ್ಟ್ರೇ. ನನ್ನಾಣೆಗೂ ಏನೂ ತಿಂದಿಲ್ಲ. ಗೋಡಂಬಿ ಇದ್ದಿದ್ದನ್ನ ನಾನೇ ಕಂಡುಹಿಡಿದು ಹೊರಗೆ ಹಾಕಿದ್ನಲ್ಲ! ಕೈನೂ ತೊಳ್ಕೊಂಡೆ."

"ಕಂಡುಹಿಡಿದದ್ದು ಹೇಗೆ?" ಎಂದರು ಡಾಕ್ಟರು. "ನೀವು ತಿಂದ್ರಾ?"

ಬಸ್ಸಮ್ಮನ ಕೈ ತಾನಾಗಿಯೇ ಎದ್ದು, ಮಗಳಿಗೆ ಮುತ್ತಿಟ್ಟ ಬಾಯಿಯನ್ನು ಮುಚ್ಚಿಕೊಂಡಿತು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಷ್ಟೆಲ್ಲ ಕನ್ನಡಿ ನೋಡಿಕೊಂಡು ಬಸ್ ಓಡಿಸುವವಳು ತನ್ನ ಮುಖವೊಂದನ್ನು ನೋಡಿಕೊಂಡಿರಲಿಲ್ಲ.

ಆಮೇಲೆ ಅವಳು ಮಗಳ ಹತ್ತಿರ ಕೂರುವುದಕ್ಕೂ ಹೆದರಿದಳು. ಮನೆಗೆ ಬಂದ ಮೇಲೂ ಅಷ್ಟೇ. ಊಟ ಬಡಿಸಿ ದೂರ ಸರಿಯುವಳು, ಜಡೆ ಹಾಕುವಾಗ ಮುಖ ಪಕ್ಕಕ್ಕೆ ತಿರುಗಿಸುವಳು. ನಕ್ಷೆಯನ್ನು ಮಡಿಸಿ ಬೀರುವಿನ ಮೇಲೆ ಹಾಕಿದ್ದಳು. ಉತ್ಸವಕ್ಕೆ ಎರಡು ದಿನ ಇದೆ ಎನ್ನುವಾಗ ಚೂಟಿ ಸ್ಟೂಲು ಹತ್ತಿ ಅದನ್ನು ಮತ್ತೆ ಇಳಿಸಿ ತಂದು, ಅಮ್ಮನ ಮುಂದೆ ಹರಡಿದಳು.

"ನಾನು ಹೋಗ್ಬೇಕು ಅಮ್ಮ."

"ನನ್ನ ಕೈಲಿ ಆಗಲ್ಲ ಕಣೇ. ನಂಗೆ ಭಯ ಆಗುತ್ತೆ. ನನ್ನ ಕಂಡ್ರೇ ನಂಗೆ ಭಯ."

"ನಂಗೂ ಭಯಾನೇ. ಅದಕ್ಕೇ ಕೇಳು." ಹುಡುಗಿ ಬೆರಳನ್ನು ನಕ್ಷೆಯ ಮೇಲಿಟ್ಟಳು. "ಊಟದ ಬುತ್ತಿ ಮನೆಯಿಂದ. ಮಳಿಗೆಯಲ್ಲಿ ಏನಾದ್ರೂ ಬೇಕು ಅನ್ಸಿದ್ರೆ ಮಾಡಿದವರನ್ನ ನಾನೇ ಕೇಳ್ತೀನಿ. ಸರಿಯಾಗಿ ಹೇಳ್ಲಿಲ್ಲ ಅಂದ್ರೆ ಬೇಡ. ನೀನು ರುಚಿ ನೋಡೋ ಹಾಗಿಲ್ಲ. ನಾನು ತಿಂದಿದ್ದನ್ನೇ ನೀನೂ ತಿನ್ನು, ನಾನು ತಿಂದ ಮೇಲೆ."

ಬಸ್ಸಮ್ಮ ನಕ್ಷೆಯ ಮೇಲಿದ್ದ ಆ ಬೆರಳನ್ನೇ ನೋಡಿದಳು. ಮೊದಲ ತುತ್ತು ಮಗಳದ್ದು! ಅದನ್ನು ನೋಡುತ್ತಾ ತಾನು ಕೈಕಟ್ಟಿ ನಿಲ್ಲಬೇಕು. ಲೋಕದಲ್ಲಿ ಇದಕ್ಕಿಂತ ಭಯದ ಕೆಲಸ ಇನ್ನೊಂದಿಲ್ಲ ಅನ್ನಿಸಿತು. ಬೇಡ ಎನ್ನಲು ಬಾಯಿ ತೆರೆದಳು. ಟಕ್ ಎಂಬ ಆ ಸದ್ದು ಕಿವಿಯಲ್ಲಿ ಕೇಳಿಸಿತು, ಅಲುಗದೆ ಪೆನ್ನು ಹಿಡಿದ ಆ ಪುಟ್ಟ ಮುಷ್ಟಿ ಕಂಡಿತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು.

ಉತ್ಸವದ ಬೆಳಿಗ್ಗೆ ಅಪ್ಪನೂ ನಾದಿನಿಯೂ ಆಗಲೇ ಕಾರಿನಲ್ಲಿ ಕೂತಿದ್ದರು. ಮನೆಯಲ್ಲೇ ಮಾಡಿದ ಅನ್ನದ ಬುತ್ತಿ, ನೀರಿನ ಬಾಟಲಿ ಎಲ್ಲ ಹಿಂದೆ ಸೇರಿದ್ದವು. ಬಸ್ಸಮ್ಮ ಮನೆಗೆ ಬೀಗ ಹಾಕಿ, ಅದನ್ನು ಎಳೆದು ನೋಡಿ ಬಂದಳು. ಕಾರಿನ ಬಾಗಿಲಿಗೆ ಅಡ್ಡವಾಗಿ ಚೂಟಿ ನಿಂತಿದ್ದಳು, ಸೊಂಟದಲ್ಲಿ ಕೆಂಪು ಚೀಲ, ಅದರಲ್ಲಿ ಹೊಸ ಪೆನ್ನುಗಳು.

"ಬೆಳಿಗ್ಗೆ ಏನು ತಿಂದೆ?" ಎಂದು ಅಮ್ಮನನ್ನು ಕೇಳಿದಳು.

"ನೀನು ತಿಂದಿದ್ದೇ. ಇಡ್ಲಿ."

"ಹಲ್ಲುಜ್ಜಿದ್ಯಾ?"

"ಎರಡು ಸಲ."

"ಎಲ್ಲಿ, ಬಾಯಿ ತೋರ್ಸು."

ಬೀದಿಯ ನಡುವೆ ನಿಂತು ಬಸ್ಸಮ್ಮ ಬಾಯಿ ತೆರೆದು ತೋರಿಸಿದಳು. ಹುಡುಗಿ ತುದಿಗಾಲಿನಲ್ಲಿ ನಿಂತು ನೋಡಿದಳು, ಕೈಗಳನ್ನು ತಿರುಗಿಸಿ ನೋಡಿದಳು, ಸೆರಗಿನ ಅಂಚನ್ನೂ ಬಿಡಲಿಲ್ಲ. ಆಮೇಲೆ ಅಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತಾನೇ ಎಳೆದುಕೊಂಡು, ತುಟಿಗೆ ಒಂದು ಮುತ್ತು ಕೊಟ್ಟು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಸರಿ, ಹತ್ತು" ಎಂದಳು.