ಮೇಸ್ತ್ರಿಯ ಸೈರನ್

“ಕುತ್ತಿಗೆ ಗುಂಡಿ ಹಾಕಬೇಡ ಕಣೇ, ಅವರಿಗೆ ಉಸಿರು ಕಟ್ಟುತ್ತೆ,” ಎಂದಳು ಮೇಸ್ತ್ರಿಯ ಹೆಂಡತಿ.

ಇಸ್ತ್ರಿಯವಳು ಹಾಕಿದ ಗುಂಡಿಯನ್ನು ಮತ್ತೆ ಬಿಚ್ಚಿದಳು. ಹೆಣಕ್ಕೆ ಉಸಿರು ಕಟ್ಟುವುದೆಲ್ಲಿಂದ ಎಂದು ಇಬ್ಬರಿಗೂ ಗೊತ್ತಿತ್ತು.

ಹೊರಗೆ, ಕಿಟಕಿಯ ಕೆಳಗೆ, ಲಾಂಡ್ರಿಯ ಕೆಲಸಗಾರರು ಕೂತಿದ್ದರು. ಆಸ್ಪತ್ರೆಗಳ ಹಾಸಿಗೆ ಹೊದಿಕೆ ಒಗೆಯುವ ಆ ಲಾಂಡ್ರಿ ರಸ್ತೆಯ ಆಚೆಗೇ ಇತ್ತು. ಬಾಯ್ಲರ್‌ನವನು ಮೂಗೊರೆಸಿಕೊಂಡು ಹೇಳುತ್ತಿದ್ದ: “ಅಲ್ಲಿ ಮೇಲೂ ನಮ್ಮ ಮೇಸ್ತ್ರಿ ಬಾಗಿಲಲ್ಲೇ ನಿಂತು ‘ಬಂದೆ, ಬಂದೆ, ಬೈಯೋರು ಈಗಲೇ ಬೈಕೊಂಡುಬಿಡಿ’ ಅಂತ ಕೂಗಿರ್ತಾರೆ.”

“ಮತ್ತೆ? ನಮ್ಮ ಹಾಗೆ ದೇವರೂ ಬೆಚ್ಚಿಬೀಳಬಾರದಲ್ಲ!” ಎಂದ ಪಕ್ಕದವನು.

ಅಳುವಿನ ನಡುವೆಯೇ ನಗು ಬಂತು. ಅಷ್ಟರಲ್ಲಿ ಕಾವಲುಗಾರ ರಸ್ತೆ ದಾಟಿ ಬಂದ. “ಹೆಣದ ಪೆಟ್ಟಿಗೆ ಎತ್ತೋ ಹೊತ್ತಿಗೆ ಸೈರನ್ ಹಾಕ್ತಾರಂತೆ. ಮ್ಯಾನೇಜರ್ ಸಾಹೇಬ್ರು ರಿಪೇರಿ ಮಾಡಿಸಿದ್ದಾರೆ. ಮೇಸ್ತ್ರಿಗೆ ಗೌರವ ಅಂತ.”

ನಗು ನಿಂತಿತು. ಬಾಯ್ಲರ್‌ನವನು ಕಿಟಕಿಯೊಳಗೆ ಮುಖ ಹಾಕಿ ಇಸ್ತ್ರಿಯವಳನ್ನು ಕರೆದ. “ತಂಗೀ, ನೀನು ಹೋಗಿ ಬೇಡ ಅಂತ ಹೇಳಿಬಿಡು. ನನ್ನ ಕೈಲಾಗಲ್ಲ.”

*

ವರ್ಷಗಳ ಹಿಂದೆ ಲಾಂಡ್ರಿಯ ಹಳೆಯ ಬಾಯ್ಲರ್ ಸಿಡಿದ ದಿನ ಕೂಗಲು ತೊಡಗಿದ ಸೈರನ್ ನಿಲ್ಲಲೇ ಇಲ್ಲ. ಬಿಸಿ ಆವಿಯಲ್ಲಿ ಕೆಲಸಗಾರರು ಒಬ್ಬರನ್ನೊಬ್ಬರು ತಡಕಾಡಿದರು. ಇಸ್ತ್ರಿಯವಳಿಗೆ ಒಂದು ಕ್ಷಣ ಅಲ್ಲೇ ಕೆಲಸಕ್ಕಿದ್ದ ಒಡಹುಟ್ಟಿದ ತಂಗಿ ಕಂಡಳು. ಅವಳ ಬಾಯಿ ಆಡುತ್ತಿತ್ತು, ಸೈರನ್ನಿನ ಕೂಗಿನಲ್ಲಿ ಮಾತು ಕೇಳಿಸಲಿಲ್ಲ. ಯಾವ ದಿಕ್ಕಿಗೆ ಕರೆದಳೋ, ಏನು ಹೇಳಿದಳೋ, ಅವಳ ಜೊತೆಗೇ ಹೋಯಿತು.

ಲಾಂಡ್ರಿ ಮತ್ತೆ ತೆರೆದಾಗ ಮೇಸ್ತ್ರಿ ಹಿಂದಿನಿಂದ ಬಂದು, “ಭೇಷ್!” ಎಂದು ಅವಳ ಬೆನ್ನು ತಟ್ಟಿದರು. ಕಾದ ಇಸ್ತ್ರಿಪೆಟ್ಟಿಗೆ ನೆಲಕ್ಕೆ ಬಿತ್ತು. ಅವಳು ಮೇಜಿನ ಕೆಳಗೆ ನುಸುಳಿ ಮುದುಡಿಕೊಂಡಳು. ಮೇಸ್ತ್ರಿ ಗದರಲಿಲ್ಲ. ಆ ದಪ್ಪ ಮೈ ಹೊತ್ತು ತಾವೂ ತೆವಳಿಕೊಂಡು ಮೇಜಿನಡಿಗೆ ಬಂದು, ತುಸು ದೂರದಲ್ಲಿ ಕೂತರು. ಏನಾಯಿತೆಂದು ಕೇಳಲಿಲ್ಲ. ಅಲ್ಲಿಂದಲೇ ಹೇಳಿದರು: “ತಪ್ಪಾಯ್ತು ಮಗಳೇ. ಇನ್ಮೇಲೆ ಹೊಗಳೋದಿದ್ರೆ ಎದುರಿಗೇ ಬಂದು ಹೊಗಳ್ತೀನಿ.”

ಅಂದಿನಿಂದ ಬಾಗಿಲಲ್ಲಿ ಕೂಗದೆ ಅವರು ಒಳಗೆ ಬಂದದ್ದಿಲ್ಲ. ಎದುರಿಗೆ ನಿಂತು, “ಈ ಹೊದಿಕೆ ನೋಡ್ರೋ, ಇದನ್ನ ಬಿಟ್ಟು ಮನೆಗೆ ಹೋಗೋಕೆ ರೋಗಿಗೂ ಮನಸ್ಸು ಬರಲ್ಲ,” ಎನ್ನುವರು. ಯಾರಾದರೂ ಮಡಚುವುದನ್ನು ಅರ್ಧಕ್ಕೆ ಬಿಟ್ಟು ನಿಂತರೆ ಹೋಗಿ ಹೊದಿಕೆಯ ಇನ್ನೊಂದು ತುದಿ ಹಿಡಿಯುವರು.

ಸೈರನ್ನಿನ ತಂತಿಯನ್ನು ಅವರೇ ಕಿತ್ತು ಹಾಕಿದ್ದರು. ಆಫೀಸಿನವರು ಕೇಳಿದಾಗಲೆಲ್ಲ, “ಕೆಟ್ಟಿದೆ ಸಾರ್, ಸಾಮಾನು ಸಿಗ್ತಿಲ್ಲ,” ಎನ್ನುತ್ತಿದ್ದರು. ಮ್ಯಾನೇಜರುಗಳು ಬದಲಾದರು, ಮಾತು ಬದಲಾಗಲಿಲ್ಲ. “ಈ ಸುಳ್ಳು ದೇವರಿಗೂ ಗೊತ್ತು ಬಿಡ್ರೋ, ಅವನೇನೂ ಅಂದ್ಕೊಳ್ಳಲ್ಲ,” ಎಂದು ಕೆಲಸಗಾರರ ಮುಂದೆ ನಗುತ್ತಿದ್ದರು.

*

ಮ್ಯಾನೇಜರ್ ಲಾಂಡ್ರಿಯ ಗೇಟಿನಲ್ಲಿ ಸೈರನ್ನಿನ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಅತ್ತು ಕಣ್ಣು ಕೆಂಪಾಗಿತ್ತು.

“ಸೈರನ್ ಬೇಡ ಸಾರ್.”

“ಯಾಕಮ್ಮಾ?”

ಅವಳು ಬಾಯಿ ತೆರೆದಳು. ಮೇಸ್ತ್ರಿ ಒಂದು ದಿನವೂ ಬಾಯ್ಲರ್ ಸಿಡಿದ ದಿನದ ಮಾತನ್ನು ಅವಳ ಬಾಯಿಂದ ಹೇಳಿಸಿರಲಿಲ್ಲ. ಹೇಳಿ ಅಭ್ಯಾಸವಿಲ್ಲದ ನಾಲಿಗೆಗೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯಲಿಲ್ಲ.

“ಅದು… ಕೆಟ್ಟಿದೆ ಸಾರ್,” ಎಂದಳು.

ಮ್ಯಾನೇಜರ್ ಅಕ್ಕರೆಯಿಂದ ನಕ್ಕರು. “ಇಲ್ಲಮ್ಮಾ, ಸರಿಹೋಗಿದೆ. ನಾನು ಬಂದಾಗಿನಿಂದ ಅವರು ತಮಗೆ ಅಂತ ಒಂದೂ ಕೇಳಿಲ್ಲ. ಹೇಳ್ತಿದ್ದಿದ್ದು ಇದೊಂದೇ, ಸೈರನ್ ಕೆಟ್ಟಿದೆ, ಸಾಮಾನು ಸಿಗ್ತಿಲ್ಲ ಅಂತ. ಎಷ್ಟು ಕೊರಗಿದ್ರೋ ಪಾಪ. ಎಲ್ಲೆಲ್ಲೋ ಹುಡುಕಿ ತರಿಸಿದೆ. ಬದುಕಿದ್ದಾಗ ಆಗಲಿಲ್ಲ, ಇವತ್ತಾದ್ರೂ ಆಗಲಿ.”

“ಸಾರ್, ನಮಗೆ…”

“ಗೊತ್ತಮ್ಮಾ. ನಿಮಗೆಲ್ಲಾ ತಂದೆ ಥರಾ ಇದ್ರು. ಅದಕ್ಕೇ ಮಾಡ್ತಿರೋದು. ಹೋಗಿ, ಹೊರಡೋ ಹೊತ್ತಾಯ್ತು.”

ಅವಳು ಅಲ್ಲೇ ನಿಂತಳು. ಮ್ಯಾನೇಜರ್ ಆಗಲೇ ರಸ್ತೆಯಾಚೆಯ ಬಾಗಿಲನ್ನು ನೋಡುತ್ತಿದ್ದರು. ದೇವರೇ, ಕರೆಂಟಾದರೂ ಹೋಗಲಿ, ಎಂದು ಬೇಡಿಕೊಳ್ಳುತ್ತ ಹಿಂದಿರುಗಿದಳು.

ಅವಳು ರಸ್ತೆ ದಾಟುವಷ್ಟರಲ್ಲಿ ಪೆಟ್ಟಿಗೆ ಹೆಗಲೇರಿತ್ತು. ಮುಂದೆ ಬಾಯ್ಲರ್‌ನವನಿದ್ದ. “ಹೇಳಿದ್ಯಾ ತಂಗೀ?” ಎಂದ. ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು. “ಬೇಗ ನಡೀರಿ, ಬೇಗ, ಮೂಲೆ ತಿರುಗಿಬಿಡೋಣ,” ಎಂದು ಹಿಂದಿನವರಿಗೆ ಹೇಳಿದ.

ನಾಲ್ಕು ಹೆಜ್ಜೆ ಹೋಗಿರಬಹುದು. ಕರೆಂಟು ಹೋಗಲಿಲ್ಲ. ಸೈರನ್ ಕೂಗಿತು.

ಅವರು ಪೆಟ್ಟಿಗೆಯನ್ನು ಬೀಳಿಸಲಿಲ್ಲ. ಮಗುವನ್ನು ಮಲಗಿಸುವಂತೆ ಅದನ್ನು ನಡುರಸ್ತೆಯಲ್ಲಿ ಇಳಿಸಿದರು. ಆಮೇಲೆ ಅದಕ್ಕೇ ಒತ್ತಿಕೊಂಡು, ತಲೆಯ ಮೇಲೆ ಕೈ ಹೊತ್ತು ಕುಕ್ಕುರುಗಾಲಲ್ಲಿ ಕೂತರು. ಇಸ್ತ್ರಿಯವಳು ಅವರ ನಡುವೆ ತೂರಿಕೊಂಡಳು. ಮೇಸ್ತ್ರಿಯ ಹೆಂಡತಿ ಏನು ಮಾಡಬೇಕೆಂದು ತಿಳಿಯದೆ ಒಬ್ಬೊಬ್ಬರ ರಟ್ಟೆ ಹಿಡಿದು ಎಬ್ಬಿಸಲು ನೋಡಿದಳು. ಯಾರೂ ಏಳಲಿಲ್ಲ.

ಗೇಟಿನಲ್ಲಿ ಮ್ಯಾನೇಜರ್ ತಲೆ ಬಾಗಿಸಿ, ಕಣ್ಣು ಮುಚ್ಚಿ ನಿಂತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸ್ವಿಚ್ಚಿನ ಮೇಲೆ ಒತ್ತಿದ ಹೆಬ್ಬೆರಳನ್ನು ಅವರಿನ್ನೂ ತೆಗೆದಿರಲಿಲ್ಲ.