ಚಪ್ಪಡಿಗಳಿಗೆ ಕಿವಿಗೊಟ್ಟವರು

ನಾವೆಲ್ಲ ಕಾಲಿನಿಂದ ನಡೆಯುವ ಫುಟ್‌ಪಾತಿನ ಮೇಲೆ ಸೇತುರಾಮಯ್ಯನವರು ಕಿವಿಯಿಂದ ನಡೆಯುತ್ತಿದ್ದರು. ಎರಡು ಹೆಜ್ಜೆ, ಒಂದು ನಿಲುಗಡೆ. ಉದ್ದ ಹಿಡಿಯ ಪುಟ್ಟ ಸುತ್ತಿಗೆಯಿಂದ ಮೋರಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗೆ ಒಂದು ಏಟು. ಕತ್ತನ್ನು ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಕಚೇರಿಯ ಮುಂದಿನ ಸಾಲಿನಲ್ಲಿ ಕುಳಿತ ಸಂಗೀತರಸಿಕರಂತೆ ಕ್ಷಣಕಾಲದ ತನ್ಮಯತೆ. ಮತ್ತೆ ಎರಡು ಹೆಜ್ಜೆ. ಅಟ್ಟೂರಿನ ನಮ್ಮ ಬಡಾವಣೆಯ ಆರು ಅಡ್ಡರಸ್ತೆಗಳನ್ನು ಈ ಗತಿಯಲ್ಲಿ ಮುಗಿಸಲು ಒಂದು ವಾರ ಹಿಡಿಯುತ್ತಿತ್ತು. ಮುಗಿದ ಮರುದಿನ ಮೊದಲನೆಯದರಿಂದ ಪುನಃ ಪ್ರಾರಂಭ.

ಯಶವಂತಪುರದ ರೈಲ್ವೆ ಯಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ಗಾಡಿಯ ಚಕ್ರಗಳನ್ನು ಬಡಿದು, ಕಣ್ಣಿಗೆ ಕಾಣದ ಬಿರುಕನ್ನು ನಾದದಲ್ಲೇ ಹಿಡಿಯುತ್ತಿದ್ದವರು ಅವರು. ನಿವೃತ್ತಿಯ ದಿನ ಇಲಾಖೆ ಹಾರವನ್ನೂ ಗೋಡೆಗಡಿಯಾರವನ್ನೂ ಕೊಟ್ಟು ಕಳಿಸಿತು. ಸುತ್ತಿಗೆ ಮತ್ತು ಖಾಕಿ ಕೋಟು ತಾವಾಗಿಯೇ ಹಿಂಬಾಲಿಸಿ ಬಂದವು. ಆ ಕೋಟನ್ನು ಏಪ್ರಿಲ್ ಸೆಖೆಯಲ್ಲೂ ಅವರು ಬಿಚ್ಚಿದ್ದನ್ನು ಕಂಡವರಿಲ್ಲ. ಬಲಜೇಬಿನ ತುಂಬ ಸೀಮೆಸುಣ್ಣ. ದನಿ ಕೆಟ್ಟ ಚಪ್ಪಡಿಯ ಮೇಲೆ ತಟ್ಟೆಯಗಲದ ಬಿಳಿಯ ಸುತ್ತು ಬೀಳುತ್ತಿತ್ತು. ಮಳೆಗೆ ಅಳಿಸಿದರೆ ಮುಂದಿನ ವಾರ ಮತ್ತೆ ಬೀಳುತ್ತಿತ್ತು.

ರೈಲ್ವೆಯ ಭಾಷೆಯಲ್ಲಿ ಓಡಬಲ್ಲ ಗಾಡಿ ‘ಫಿಟ್’, ರಿಪೇರಿಗೆ ಹೋಗಬೇಕಾದದ್ದು ‘ಸಿಕ್’. ಸೇತುರಾಮಯ್ಯನವರ ಪ್ರಪಂಚದಲ್ಲಿ ಮೂರನೆಯ ವರ್ಗವೇ ಇರಲಿಲ್ಲ. ಒಂದು ಗೃಹಪ್ರವೇಶದ ಊಟದಲ್ಲಿ ಹಪ್ಪಳವನ್ನು ಕಿವಿಯ ಬಳಿ ಹಿಡಿದು ಮುರಿದು, “ಫಿಟ್” ಎಂದು ಎಲೆಗೆ ಹಾಕಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಅವರ ಶ್ರೀಮತಿ ವೇದವತಿಯವರು ಒಮ್ಮೆ ಅಂದರು, “ನನ್ನ ನೋಡೋಕೆ ಬಂದ ದಿವ್ಸ ಇವರ ಕೈಲಿ ಸುತ್ತಿಗೆ ಇರ್ಲಿಲ್ಲ ಕಣ್ರೀ. ನನ್ನ ಪುಣ್ಯ.”

ಭಾನುವಾರಗಳಂದು ಅವರು ಮನೆಮನೆಯ ಗೇಟು ತಟ್ಟಿ ಜನರನ್ನು ಹೊರಡಿಸುತ್ತಿದ್ದರು. ಸುತ್ತು ಬಿದ್ದ ಚಪ್ಪಡಿಗಳನ್ನು ಹಾರೆಯಿಂದ ಎಬ್ಬಿಸಿ, ಪಾರ್ಕಿನ ಮೂಲೆಯಲ್ಲಿ ಯಾವುದೋ ಕಾಮಗಾರಿಯಿಂದ ಉಳಿದು ರಾಶಿ ಬಿದ್ದಿದ್ದ ಕಲ್ಲುಗಳನ್ನು ಉರುಳಿಸಿ ತಂದು ಕೂರಿಸುವ ಕೆಲಸ. ನಾಲ್ಕೈದು ಜನ ಬರುತ್ತಿದ್ದರು. ನಾನೂ ಒಂದು ಭಾನುವಾರ ಹೋಗಿ, ಫೋಟೋ ತೆಗೆಯುವವರೆಗೆ ಹಾರೆ ಹಿಡಿದುಕೊಂಡಿದ್ದು, ಆಮೇಲೆ ಮೂರು ದಿನ ಸೊಂಟ ಹಿಡಿದುಕೊಂಡಿದ್ದೆ. ಅಂದು ನಮ್ಮ ಗೇಟಿನ ಮುಂದಿನ ಚಪ್ಪಡಿಯನ್ನು ಅವರು ಎರಡು ಸಲ ಬಡಿದು ನೋಡಿದರು.

“ಇದು ಇನ್ನೂ ಫಿಟ್ ಸಾರ್. ಆದ್ರೆ ದನಿ ಒಡೀತಾ ಇದೆ. ನೋಡ್ತಿರ್ಬೇಕು.”

ಬಡಾವಣೆಯ ಸಂಘ ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆ ಹೊರಡಿಸುತ್ತದೆ. ಅದರ ಕೊನೆಯ ಪುಟದ ಹಾಸ್ಯಕ್ಕೆ ನಾನೇ ಗುತ್ತಿಗೆದಾರ. ಕಳೆದ ವರ್ಷದ ಜೂನ್ ಸಂಚಿಕೆಗೆ ವಿಷಯ ಸಿಗದೆ ಪರದಾಡುತ್ತಿದ್ದಾಗ ಕಿಟಕಿಯಾಚೆ ಸುತ್ತಿಗೆಯ ಸದ್ದು ಕೇಳಿತು. ವಿಷಯವೇ ಮನೆಬಾಗಿಲಿಗೆ ಬಂದಿತ್ತು. ‘ಚಪ್ಪಡಿ ವೈದ್ಯರು’ ಎಂದು ಬರೆದೆ. ಕೋಟು, ನಡಿಗೆ, ಹಪ್ಪಳ ಯಾವುದನ್ನೂ ಬಿಡಲಿಲ್ಲ. ನಮ್ಮ ಗೇಟಿನ ಚಪ್ಪಡಿಗೆ ದನಿ ಒಡೆಯುತ್ತಿದೆಯಂತೆ, ಹುಡುಗ ಪ್ರಾಯಕ್ಕೆ ಬಂದ, ಇನ್ನು ಹೆಣ್ಣು ಹುಡುಕಬೇಕು ಎಂದು ಮುಗಿಸಿದೆ.

ನನ್ನ ಬರಹಕ್ಕೆ ಅಷ್ಟು ಜನ ನಕ್ಕದ್ದು ಅದೇ ಮೊದಲು. ಇಸ್ತ್ರಿ ಅಂಗಡಿಯ ಮುನಿರಾಜು ಅವರನ್ನು ಕಂಡಾಗಲೆಲ್ಲ ಕೂಗುತ್ತಿದ್ದ: “ಡಾಕ್ಟ್ರೇ, ನಮ್ ಅಂಗಡಿ ಕಲ್ಲಿಗೆ ರಾತ್ರಿಯಿಂದ ಜ್ವರ! ಸ್ವಲ್ಪ ನಾಡಿ ನೋಡಿ ಗುರು!” ಸೇತುರಾಮಯ್ಯನವರೂ ನಕ್ಕರು. ನನ್ನ ಕೈಕುಲುಕಿ, “ಚೆನ್ನಾಗಿ ಬರ್ದಿದೀರಿ ಸಾರ್, ಹಪ್ಪಳದ್ದು ಬಹಳ ಚೆನ್ನಾಗಿದೆ” ಎಂದರು. ನೆಂಟರಿಗೆ ಕಳಿಸಲು ನಾಲ್ಕು ಪ್ರತಿ ಕೇಳಿ ಪಡೆದರು. ಮುಂದಿನ ವಾರ ಸುತ್ತಿಗೆಯ ಸದ್ದು ಎರಡು ದಿನ ಮಾತ್ರ ಕೇಳಿತು. ಅದರ ಮುಂದಿನ ವಾರ ಕೇಳಲೇ ಇಲ್ಲ. ನನಗೆ ಅದು ಗೊತ್ತಾದದ್ದಾದರೂ ಹೇಗೆ? ಬೆಳಗಿನ ಜಾವದ ನಿದ್ದೆ ಸುಧಾರಿಸಿದೆಯೆಂದು ಹೆಂಡತಿಯೊಡನೆ ಹೇಳಿಕೊಂಡು ಸಂತೋಷಪಟ್ಟೆ.

ಒಂದು ಮಳೆಗಾಲ ಬಂದು ಸುತ್ತುಗಳನ್ನೆಲ್ಲ ತೊಳೆದುಕೊಂಡು ಹೋಯಿತು. ಎರಡನೆಯದು ಶುರುವಾಗುವ ಹೊತ್ತಿಗೆ, ಒಂದು ಬೆಳಗ್ಗೆ, ಹಳೇ ಅಟ್ಟೂರಿನಿಂದ ತಲೆಯ ಮೇಲೆ ಪುಟ್ಟಿ ಹೊತ್ತು ಸೊಪ್ಪು ಮಾರುತ್ತ ಬರುವ ಬೈರಮ್ಮ ನಮ್ಮ ಗೇಟಿನ ಮುಂದೆ ಮೊಣಕಾಲಿನವರೆಗೆ ಮೋರಿಯೊಳಗೆ ಇಳಿದಳು. ಚಪ್ಪಡಿ ನಡುವೆ ಎರಡು ಹೋಳಾಗಿತ್ತು. ಕಾಲಿನ ಮುಂಭಾಗದ ಚರ್ಮ ಸುಲಿದು ರಕ್ತ ಹರಿಯುತ್ತಿತ್ತು, ದಂಟಿನ ಸೊಪ್ಪು ರಸ್ತೆಯ ತುಂಬ ಚೆಲ್ಲಿತ್ತು. ಎತ್ತಿ ಕೂರಿಸಿದಾಗ ಅವಳು ನೋವಿಗಿಂತ ಹೆಚ್ಚಾಗಿ ಆಶ್ಚರ್ಯದಿಂದ ನನ್ನನ್ನು ನೋಡಿದಳು.

“ಗುರ್ತು ಇರ್ನಿಲ್ವಲ್ಲ ಸಾಮಿ! ಅದ್ಕೇ ಗಟ್ಟಿ ಐತೆ ಅಂದ್ಕಂಡೆ.”

“ನೋಡ್ಕೊಂಡು ಕಾಲಿಡಬಾರದೇನಮ್ಮ?”

“ತಲೆ ಮ್ಯಾಲೆ ಪುಟ್ಟಿ ಮಡೀಕಂಡು ಕಾಲ್ ಕೆಳಗೆ ಎಂಗ್ ನೋಡ್ಲಿ? ಆ ಅಯ್ನೋರ್ ಬರೀತಿದ್ದುದ್ದು ದೂರದಿಂದ್ಲೇ ಕಾಣೋದು, ದಾಟ್ಕಂಡ್ ಓಗ್ತಿದ್ದೆ. ಎಲ್ಲೋದ್ರು ಅವ್ರು?”

ಆ ಬಿಳಿಯ ಸುತ್ತುಗಳನ್ನು ಓದುವವರೂ ಇದ್ದರೆಂಬುದು ನನಗೆ ಹೊಳೆದಿರಲಿಲ್ಲ. ನಾನು ಕಾರಿನಲ್ಲಿ ಓಡಾಡುವವನು. ನನ್ನ ಲೇಖನ ಓದಿ ನಕ್ಕವರಲ್ಲಿ ಬಹುಪಾಲು ಜನ ಹಾಗೆಯೇ ಓಡಾಡುವವರು.

ಅಂದೇ ಸಂಜೆ ಅವರ ಮನೆಗೆ ಹೋದೆ. ಬಾಗಿಲು ತೆಗೆದ ವೇದವತಿಯವರು, “ಜೋರಾಗಿ ಮಾತಾಡಿ” ಎಂದಷ್ಟೇ ಹೇಳಿ ಒಳಗೆ ಕರೆದರು. ಬನಿಯನ್ನಿನಲ್ಲಿ ಕುಳಿತಿದ್ದ ಸೇತುರಾಮಯ್ಯನವರನ್ನು ಕೋಟಿಲ್ಲದೆ ಕಂಡಾಗ ಅವರು ಎಷ್ಟು ಸಣ್ಣ ಆಳು ಎಂದು ತಿಳಿಯಿತು. ನಡೆದದ್ದನ್ನು ಹೇಳಿ, ನಾನು ಬರೆದದ್ದರಿಂದ ಬೇಸರವಾಯಿತೇ ಎಂದು ಕೇಳಿದೆ; ಜೋರಾಗಿ ಕೇಳಬೇಕಾದ್ದರಿಂದ ಆ ಪ್ರಶ್ನೆ ಇಡೀ ಬೀದಿಗೆ ಕೇಳಿಸಿರಬೇಕು.

“ಬೇಜಾರೇನಿಲ್ಲ ಸಾರ್. ಆದ್ರೆ ಆಮೇಲೆ ಬಡಿದಾಗೆಲ್ಲ ಯಾವ್ದಾದ್ರೂ ಕಿಟಕೀಲಿ ನಗು ಕೇಳ್ಸೋದು. ಕಲ್ಲಿನ ದನಿ ಹಿಡೀಬೇಕಾದ್ರೆ ಸುತ್ತ ಸದ್ದಿರಬಾರ್ದು.” ಆಮೇಲೆ ಕೇಳಿದರು, “ಬೈರಮ್ಮಂಗೆ ಮೂಳೆ ಏನೂ ಮುರಿದಿಲ್ಲ ತಾನೇ?”

ಮರುದಿನ ಬೆಳಗ್ಗೆ ಕೋಟು ತೊಟ್ಟು ಬಂದರು. ಒಡೆದ ಚಪ್ಪಡಿಯ ಪಕ್ಕದ್ದನ್ನು ಬಡಿದರು. ಕತ್ತು ಎಡಕ್ಕೆ ವಾಲಿತು. ಮತ್ತೆ ಬಡಿದರು, ಈ ಸಲ ಬಲಕ್ಕೆ ವಾಲಿತು. ಮೊಣಕಾಲೂರಿ, ಕಿವಿಯನ್ನು ಕಲ್ಲಿಗೆ ಹತ್ತಿರ ತಂದು ಮೂರನೆಯ ಸಲ ಬಡಿದು, ನನ್ನತ್ತ ನೋಡಿದರು.

“ನೀವು ಕೇಳಿ ಸಾರ್. ಏನಂತು?”

“ಠಕ್ ಅಂತು.”

“ಯಾವ ಠಕ್? ತುಂಬಿದ್ದೋ, ಪೊಳ್ಳೋ?”

ನನಗೆ ಎಲ್ಲ ಠಕ್ಕುಗಳೂ ಒಂದೇ. ಆರು ಚಪ್ಪಡಿ ಬಡಿದೆವು. ಆರಕ್ಕೂ ನಾನು ಅದೇ ಉತ್ತರ ಕೊಟ್ಟೆ. ಅವರು ಸೀಮೆಸುಣ್ಣವನ್ನು ಹೊರತೆಗೆದು, ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡರು. “ಗೊತ್ತಿಲ್ದೆ ಗುರುತು ಹಾಕ್ಬಾರ್ದು ಸಾರ್” ಎಂದು ಹೇಳಿ, ಎಲ್ಲೂ ನಿಲ್ಲದೆ ಮನೆಯತ್ತ ನಡೆದರು. ಅವರು ಹಾಗೆ ಸರಾಗವಾಗಿ, ಎಲ್ಲರಂತೆ ನಡೆದದ್ದನ್ನು ನಾನು ನೋಡಿದ್ದು ಅಂದೇ.

ಕಿವಿ ಮಂದವಾಗತೊಡಗಿದ್ದು ದೀಪಾವಳಿಯ ನಂತರ ಎಂದು ವೇದವತಿಯವರು ಆಮೇಲೆ ಹೇಳಿದರು. ಅಂದರೆ ಜೂನ್‌ನಿಂದ ದೀಪಾವಳಿಯವರೆಗೆ, ಒಂದಿಡೀ ಮಳೆಗಾಲ, ಆ ಅಪೂರ್ವವಾದ ಕಿವಿ ಆರೋಗ್ಯವಾಗಿಯೇ ಮನೆಯೊಳಗೆ ಕುಳಿತಿತ್ತು. ಆ ಐದು ತಿಂಗಳಲ್ಲಿ ನಮ್ಮ ಗೇಟಿನ ಕಲ್ಲಿನ ಪಾಳಿ ಇಪ್ಪತ್ತು ಸಲವಾದರೂ ಬರಬೇಕಿತ್ತು. ಬೈರಮ್ಮ ಈಗ ಫುಟ್‌ಪಾತ್ ಹತ್ತುವುದಿಲ್ಲ. ಕುಂಟುತ್ತ, ವಾಹನಗಳ ಹಾರ್ನಿಗೆ ಬೈಯುತ್ತ, ನಡುರಸ್ತೆಯಲ್ಲೇ ಬರುತ್ತಾಳೆ.

ಇಂಥವರು ಪ್ರತಿ ಬಡಾವಣೆಯಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಸಹಾಯವಿಲ್ಲದೆ ವರ್ಷಗಟ್ಟಲೆ ದುಡಿದಾರು, ಕೃತಜ್ಞತೆಯಿಲ್ಲದೆಯೂ ದುಡಿದಾರು. ಬೈದರೂ ಬಿಟ್ಟುಹೋಗುವವರಲ್ಲ, ಏಕೆಂದರೆ ಬೈಯುವವನು ಅವರ ಕೆಲಸವನ್ನು ಕೆಲಸವೆಂದಾದರೂ ಒಪ್ಪಿರುತ್ತಾನೆ. ಅವರು ಸೋಲುವುದು ನಮ್ಮ ಪ್ರೀತಿಯ ನಗುವಿಗೆ. ಅದಕ್ಕೆ ಎದುರಾಡುವುದು ಸಭ್ಯತೆಯಲ್ಲವೆಂದು ತಾವೂ ಜತೆಗೂಡಿ ನಗುತ್ತಾರೆ, ನಗುನಗುತ್ತಲೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಯಾರೂ ನೇಮಿಸದೆ ಬಂದವರಾದ್ದರಿಂದ ರಾಜೀನಾಮೆ ಬರೆಯುವುದಿಲ್ಲ, ಅವರ ಸ್ಥಾನ ತೆರವಾಯಿತೆಂದು ಯಾರೂ ಪ್ರಕಟಿಸುವುದಿಲ್ಲ. ಅವರು ಇನ್ನೂ ಇದ್ದಾರೆಂಬ ಭರವಸೆಯಲ್ಲೇ ನಾವು ಬಹಳ ಕಾಲ ಕಾಲಿಡುತ್ತಿರುತ್ತೇವೆ.