ಮಾವ ಆರಿಸಿದ ಬೋರ್ಡು

ಗುಬ್ಬಿಗೆ ಅಂದು ಬೆಳಗಿನಿಂದ ಒಂದು ತುತ್ತೂ ಗಂಟಲಲ್ಲಿ ಇಳಿದಿರಲಿಲ್ಲ. ಊಟದ ಮೇಜಿನ ಮೇಲೆ ಕಂಪ್ಯೂಟರ್ ಅಂಗಡಿಯಿಂದ ಬಂದ ಡಬ್ಬಗಳ ರಾಶಿ. ಎದುರಿಗೆ ಸ್ಕ್ರೂಡ್ರೈವರ್ ಹಿಡಿದು ಮದುವಣಿಗನ ಹಾಗೆ ಕೂತ ಸೋದರಮಾವ. ತಾನು ಮಾಡಿದ ಕಳ್ಳಕೆಲಸ ಇವರಿಗೆ ಗೊತ್ತಾಗದಿದ್ದರೆ ಸಾಕು ಅಂತ ಅವಳು ಮನಸ್ಸಿನಲ್ಲೇ ಕಂಡಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದಳು.

ಗುಬ್ಬಿ ಅನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ಅಪ್ಪ ಅಮ್ಮನ ಊರು ಬಿಟ್ಟು ಮಾವನ ಮನೆಯಲ್ಲಿದ್ದಳು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ, ಬಿಡುವಾದರೆ ಕಂಪ್ಯೂಟರ್ ಆಟದ ಹುಚ್ಚು. ಗೇಮಿಂಗ್ ಕಂಪ್ಯೂಟರಿನ ಬೆಲೆ ಕೇಳಿ ಕಣ್ಣಿಗೆ ಕತ್ತಲೆ ಬಂದಮೇಲೆ, ಬಿಡಿಭಾಗ ತಂದು ತಾನೇ ಜೋಡಿಸುವುದು ಅಂತ ತೀರ್ಮಾನಿಸಿದ್ದಳು. ಆಗಲೇ ಅತ್ತೆ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿದ್ದು.

"ನಿನ್ನ ಮಾವನ್ನ ಜೊತೆಗೆ ಕರ್ಕೊಂಡು ಹೋಗೇ. ಆ ಕುರ್ಚಿಯಿಂದ ಒಂದ್ಸಲ ಎಬ್ಬಿಸು, ಸಾಕು."

ಮಾವ ಅರ್ಧ ಆಯುಷ್ಯ ಟಿವಿ ರಿಪೇರಿ ಮಾಡಿದವರು. ಹೃದಯದ ಆಪರೇಷನ್ ಆಯಿತು, ಹೃದಯ ಗಟ್ಟಿಯಾಯಿತು ಅಂತ ಡಾಕ್ಟರು ಬೆನ್ನು ತಟ್ಟಿದರು. ಆದರೆ ಅದಾದ ಮೇಲೆ ಪಕ್ಕದ ಮನೆಯವರ ರೇಡಿಯೋದಲ್ಲಿ ಒಂದು ತಂತಿಯನ್ನು ತಪ್ಪು ಕಡೆ ಬೆಸೆದುಬಿಟ್ಟರು ನೋಡಿ, ಅಲ್ಲಿಗೆ ಮುಗಿಯಿತು. "ನನ್ನ ತಲೆ ಸವೆದುಹೋಯ್ತು" ಅಂತ ಅಂಗಡಿಗೆ ಬೀಗ ಹಾಕಿ, ಕಿಟಕಿಯ ಹತ್ತಿರದ ಕುರ್ಚಿ ಹಿಡಿದವರು ಮತ್ತೆ ಸ್ಕ್ರೂಡ್ರೈವರ್ ಮುಟ್ಟಿರಲಿಲ್ಲ. ಇಂಥ ಮನುಷ್ಯ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿದ್ದೇ ತಡ, ಹಳೇ ಹುಲಿಯಾದರು. ಬಣ್ಣಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ಟಿನ ಮೇಲೆ ಗುಬ್ಬಿ ಕಣ್ಣು ಹಾಕಿದರೆ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಆಟ ಓಡಿಸೋದು ಒಳಗಿರೋ ಗ್ರಾಫಿಕ್ಸ್ ಕಾರ್ಡು ಕಣೇ, ಈ ದೀಪ ಅಲ್ಲ" ಅಂತ ಗದರಿದರು. ವಿದ್ಯುತ್ ಹಂಚುವ ಪವರ್ ಸಪ್ಲೈಯಲ್ಲಿ ಮಾತ್ರ ಒಂದು ಪೈಸೆ ಉಳಿಸಗೊಡಲಿಲ್ಲ. ಅಂಗಡಿ ನಡೆಸುವ ಗಂಡಹೆಂಡತಿ ಇಬ್ಬರೂ ತಲೆದೂಗಿದರು. ಮುಂಗಡ ಕೊಟ್ಟು ಬಂದ ಆ ದಿನ ಮಾವ ಊಟದ ನಡುವೆ ಸಿಳ್ಳೆ ಹಾಕಿದರು, ಅತ್ತೆಯ ಕಣ್ಣಲ್ಲಿ ನೀರು ಬಂದಿತ್ತು.

ಆಮೇಲೆ ಗುಬ್ಬಿ ಎಲ್ಲ ಭಾಗಗಳ ವಿವರ ಓದಿನೋಡಿದಳು. ಬಿಡಿಭಾಗಗಳೆಲ್ಲ ಕೂರಬೇಕಾದ, ಮಾವ ಆರಿಸಿದ ಮದರ್‌ಬೋರ್ಡು ಹಳೇ ತಲೆಮಾರಿನದು, ಅದರ ಗೂಡಿನಲ್ಲಿ ಕೂರಬೇಕಾದ ಪ್ರೊಸೆಸರು ಹೊಸದು. "ಒಂದೇ ಕಂಪನಿಯದು, ಹೊಂದದೆ ಎಲ್ಲಿ ಹೋಗುತ್ತೆ" ಅಂದಿದ್ದರು. ಹೊಂದುವುದಿಲ್ಲ! ಅಂಗಡಿಯವರೂ ನೋಡಿರಲಿಲ್ಲ. ಹೇಳಿದರೆ ಮಾವ ಮತ್ತೆ ಆ ಕುರ್ಚಿಗೆ ಹೋಗಿ ಕೂರುತ್ತಾರೆ, ಈ ಸಲ ಎಬ್ಬಿಸುವವರು ಯಾರು? ಗುಬ್ಬಿ ಅಂಗಡಿಗೆ ಫೋನ್ ಮಾಡಿದಳು. ಎತ್ತಿಕೊಂಡದ್ದು ಹೆಂಡತಿ. ಹೊಸ ಬೋರ್ಡು ಕಳಿಸಿ, ಅದಕ್ಕೆ ತಕ್ಕ ಮೆಮೊರಿ ಕಳಿಸಿ, ದುಡ್ಡು ಸಾಲದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಇಳಿಸಿ, ಆದರೆ ಯಾರ ಹತ್ತಿರವೂ ಬಾಯಿ ಬಿಡಬೇಡಿ ಅಂದಳು. ಕಾರ್ಡು ಇಳಿಸಲು ಅವಳಿಗೆ ಮನಸ್ಸಿರಲಿಲ್ಲ, ಸುಳ್ಳೇಕೆ.

ಈಗ ಮೇಜಿನ ಮುಂದೆ ಅವಳು ಬೋರ್ಡನ್ನು ಬೇಗಬೇಗ ಹೊರತೆಗೆದು, ಡಬ್ಬವನ್ನು ಕುರ್ಚಿಯ ಕೆಳಗೆ ತಳ್ಳಿದಳು. ವಿಚಿತ್ರವೆಂದರೆ ಮಾವ ಕೂಡ ಪ್ರೊಸೆಸರಿನ ಡಬ್ಬವನ್ನು ಅವಳ ಕೈಗೆ ಕೊಡಲಿಲ್ಲ.

"ಇದು ನನ್ನ ಕೆಲಸ. ನೀನು ಕೈ ಹಾಕ್ಬೇಡ."

ಒಳ್ಳೆಯದೇ ಆಯಿತು ಅಂದುಕೊಂಡಳು. ಮಾವ ಬೋರ್ಡಿನ ಮೇಲಿನ ಮುಚ್ಚಳ ಎತ್ತಿದರು, ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿದರು, ಹಾಗೇ ನಿಂತುಬಿಟ್ಟರು. ಬೋರ್ಡಿನ ಗೂಡಿನ ತುಂಬ ಕೂದಲೆಳೆಯಂಥ ಲೋಹದ ಮುಳ್ಳು. ಪ್ರೊಸೆಸರನ್ನು ತಿರುಗಿಸಿದರೆ ಅದರ ಹೊಟ್ಟೆಯಲ್ಲೂ ಮುಳ್ಳು. ಯಾವುದಾದರೂ ಒಂದಕ್ಕೆ ಮುಳ್ಳಿದ್ದರೆ ಸರಿ, ಎರಡಕ್ಕೂ ಇದ್ದರೆ ಕೂರುವುದಾದರೂ ಎಲ್ಲಿ? ಮಾವನ ಮುಖದ ಬಣ್ಣ ಇಳಿಯಿತು.

"ಮತ್ತೆ ತಪ್ಪಿದೆನೇನೇ, ಗುಬ್ಬಿ?"

ಆ ದನಿ ಕೇಳಿ ಅವಳಿಗೆ ತಡೆಯಲಾಗಲಿಲ್ಲ. "ಇಲ್ಲ ಮಾವ, ನಂದೇ ತಪ್ಪು. ಪ್ರೊಸೆಸರಿಗೆ ಹೊಂದಲ್ಲ ಅಂತ ನಾನೇ ನಿಮಗೆ ಹೇಳದೆ ಬೋರ್ಡು ಬದಲಾಯಿಸಿಬಿಟ್ಟೆ."

ಮಾವ ನಿಧಾನವಾಗಿ ಪ್ರೊಸೆಸರನ್ನು ಕೆಳಗಿಟ್ಟರು. "ಬೋರ್ಡು ಬದಲಾಯಿಸಿದ್ಯಾ?"

"ಹೂಂ."

"ನಾನು ಪ್ರೊಸೆಸರ್ ಬದಲಾಯಿಸಿದ್ದೆ."

ಮುಂಗಡ ಕೊಟ್ಟು ಬಂದ ಮಾರನೆಯ ದಿನವೇ ಮಾವನಿಗೂ ತಪ್ಪು ಹೊಳೆದಿತ್ತು. ಸೊಸೆಯ ಮುಂದೆ ಮರ್ಯಾದೆ ಹೋಗುತ್ತೆ ಅಂತ ಗುಟ್ಟಾಗಿ ಅಂಗಡಿಗೆ ಫೋನ್ ಮಾಡಿದ್ದರು. ಎತ್ತಿಕೊಂಡದ್ದು ಗಂಡ. ಹಳೇ ಬೋರ್ಡಿಗೆ ಹೊಂದುವ ಹಳೇ ಪ್ರೊಸೆಸರ್ ಸಾಕು, ಉಳಿದ ದುಡ್ಡಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಏರಿಸಿ, ಯಾರಿಗೂ ಹೇಳಬೇಡಿ ಅಂದಿದ್ದರು. ಆ ಪುಣ್ಯಾತ್ಮ ಗಂಡಹೆಂಡತಿ ಕೊಟ್ಟ ಮಾತಿಗೆ ತಪ್ಪದೆ ಒಬ್ಬರಿಗೊಬ್ಬರು ಕೂಡ ಬಾಯಿ ಬಿಟ್ಟಿರಲಿಲ್ಲ. ಒಬ್ಬರು ಏರಿಸಿ ಒಬ್ಬರು ಇಳಿಸಿ, ಕಾರ್ಡು ಮಾತ್ರ ಮೊದಲಿದ್ದದ್ದೇ ಬಂದಿತ್ತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಅಂದರು, "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋದು ನಿಮ್ಮನ್ನ ನೋಡಿಯೇ ಹುಟ್ಟಿದ ಮಾತಿರ್ಬೇಕು."

"ಇದ್ರಲ್ಲಿ ಕೋಣ ಯಾರು, ಅದನ್ನ ಮೊದ್ಲು ಹೇಳು" ಅಂದರು ಮಾವ. ಅಷ್ಟು ಹೇಳಿ ನಗತೊಡಗಿದವರು ನಿಲ್ಲಿಸಲೇ ಇಲ್ಲ. ಆಪರೇಷನ್ ಆದ ಎದೆ ಹಿಡಿದುಕೊಂಡು ನಕ್ಕರು. ಗುಬ್ಬಿಗೂ ನಗು ತಡೆಯಲಿಲ್ಲ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಎದ್ದುಹೋದ ಹಾಗಾಗಿ, ಆಗಲೇ ಅವಳಿಗೆ ಹಸಿವಾಗಿದ್ದು.

ಕಣ್ಣೊರೆಸಿಕೊಳ್ಳುತ್ತ ಅವಳು ಲೆಕ್ಕ ಹಾಕಿ ನೋಡಿದಳು. ತನ್ನ ಉಪಾಯಕ್ಕಿಂತ ಮಾವನದೇ ಮೇಲು. ಪ್ರೊಸೆಸರ್ ಹಳೇದಾದರೂ ಅವಳ ಆಟಗಳಿಗೆ ಧಾರಾಳ, ಕಾರ್ಡು ಮಾತ್ರ ದೊಡ್ಡದು ಸಿಗುತ್ತದೆ. "ಮಾವ, ನಿಮ್ದೇ ಸರಿ. ಬೋರ್ಡು, ಮೆಮೊರಿ ಎರಡೂ ವಾಪಸ್ ಕೊಡೋಣ" ಅಂದಳು. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು, ಮಾವನಿಗೂ ಗೊತ್ತಾಯಿತು.

"ತಪ್ಪು ಮಾಡಿದ್ದು ನಾನೇ, ಹಿಡಿದಿದ್ದೂ ನಾನೇ" ಅಂದರು. "ತಲೆ ಇನ್ನೂ ಇದೆ ಕಣೇ. ಆದ್ರೆ ಒಂದು ಕೇಳ್ಕೋ. ಇನ್ಮೇಲೆ ನಾನು ತಪ್ಪಿದ್ರೆ ಮುಖಕ್ಕೇ ಹೇಳು. ನೀವೆಲ್ಲ ನನ್ನ ಹಿಂದೆ ಸದ್ದಿಲ್ದೆ ಸರಿಮಾಡ್ತಾ ಬಂದ್ರೆ, ನಾನು ನಿಜವಾಗ್ಲೂ ಕೆಲಸಕ್ಕೆ ಬಾರದವನಾಗ್ಬಿಡ್ತೀನಿ."

ಅಂಗಡಿಗೆ ಹೋಗಲು ಮಾವ ಬೇರೆ ಅಂಗಿ ತೊಟ್ಟು ಬಂದರು. ಅವಸರದಲ್ಲಿ ಗುಂಡಿಗಳೆಲ್ಲ ಒಂದೊಂದು ತೂತು ಮೇಲೆ ಹೋಗಿ, ಅಂಗಿ ಒಂದು ಕಡೆಗೆ ಜೋತಿತ್ತು. ಅತ್ತೆ ಎಂದಿನಂತೆ ಮಾತಿಲ್ಲದೆ ಸರಿಮಾಡಲು ಕೈ ಚಾಚಿದರು. ಗುಬ್ಬಿ ಆ ಕೈ ಹಿಡಿದು ನಿಲ್ಲಿಸಿದಳು.

"ಮಾವ, ಗುಂಡಿ ತಪ್ಪು ಹಾಕ್ಕೊಂಡಿದ್ದೀರಿ."

ಮಾವ ಬಗ್ಗಿ ನೋಡಿಕೊಂಡರು. ಅತ್ತೆ ಉಸಿರು ಬಿಗಿಹಿಡಿದರು.

"ಅಯ್ಯೋ, ಹೌದಲ್ಲೇ!" ಅಂದು ಮಾವ, ಸಿಳ್ಳೆ ಹಾಕುತ್ತ, ಎಲ್ಲ ಗುಂಡಿಗಳನ್ನೂ ಬಿಚ್ಚಿ ತಾವೇ ಹಾಕಿಕೊಂಡರು.